ಚಾವಣಿಗೆ ಸೌರಫಲಕ ಏರಿಸುವ ಮೊದಲು ಮನೆಯೊಳಗಿನ ಲೆಕ್ಕ

ಚಾವಣಿಯ ಮೇಲೆ ಸೋಲಾರ್ ಹಾಕಿಸಬೇಕೆಂದಿದ್ದೇವೆ, ಎಷ್ಟು ಕಿಲೋವ್ಯಾಟ್ ಹಾಕಿಸಿದರೆ ಸರಿ ಎಂದು ಕೇಳಿಕೊಂಡು ಬರುವ ನೆಂಟರಿಗೂ ನೆರೆಹೊರೆಯವರಿಗೂ ನಾನು ಒಂದೇ ಉತ್ತರ ಕೊಡುತ್ತಾ ಬಂದಿದ್ದೇನೆ: ಕಳೆದ ಹನ್ನೆರಡು ತಿಂಗಳ ಕರೆಂಟ್ ಬಿಲ್ಲುಗಳನ್ನು ಹುಡುಕಿ ತನ್ನಿ, ಆಮೇಲೆ ಮಾತಾಡೋಣ. ಬಿಲ್ಲುಗಳು ಸಿಗುತ್ತವೆ, ಆದರೆ ಅವುಗಳಲ್ಲಿರುವ ಯೂನಿಟ್ಟುಗಳು ಮನೆಯ ಯಾವ ಮೂಲೆಯಲ್ಲಿ ಖರ್ಚಾದವು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ. ನಾನು ಮೈಸೂರಿನ ಕಾರ್ಖಾನೆಯೊಂದರ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಅಲ್ಲಿ ಹೊಸ ಟ್ರಾನ್ಸ್‌ಫಾರ್ಮರ್ ಬೇಕೆಂದು ಯಾರಾದರೂ ಟಿಪ್ಪಣಿ ಕಳಿಸಿದರೆ, ಈಗಿರುವ ವಿದ್ಯುತ್ತು ಎಲ್ಲೆಲ್ಲಿ ಹೋಗುತ್ತಿದೆ ಎಂಬ ಪಟ್ಟಿ ಜೊತೆಗಿಲ್ಲದೆ ಆ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುತ್ತಿರಲಿಲ್ಲ. ಲಕ್ಷಾಂತರ ರೂಪಾಯಿ ಸಾಲ ಮಾಡಿ ಕಟ್ಟಿಸಿದ ಮನೆಗೆ ಅದೇ ಶಿಸ್ತನ್ನು ಅನ್ವಯಿಸಲು ನಾವು ಯೋಚಿಸುವುದೂ ಇಲ್ಲ, ಹಾಗೆ ಯೋಚಿಸುವಂತೆ ಸರ್ಕಾರದ ಯಾವ ಯೋಜನೆಯೂ ನಮ್ಮನ್ನು ಒತ್ತಾಯಿಸುವುದಿಲ್ಲ. ಈ ಎರಡನೆಯದೇ ನನ್ನನ್ನು ಹೆಚ್ಚು ಕಾಡುವ ಸಂಗತಿ.

ಕಾನೂನು ಇಲ್ಲವೆಂದಲ್ಲ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2002ರಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ, ಸ್ಥಾಪನೆಯಾಯಿತು. ಸಿಮೆಂಟು, ಉಕ್ಕು, ರಸಗೊಬ್ಬರದಂತಹ ದೊಡ್ಡ ಉದ್ದಿಮೆಗಳು ನಿಯತವಾಗಿ ಎನರ್ಜಿ ಆಡಿಟ್, ಅಂದರೆ ಇಂಧನ ಎಲ್ಲೆಲ್ಲಿ ಎಷ್ಟು ಖರ್ಚಾಗುತ್ತಿದೆ ಎಂಬ ತಪಾಸಣೆ, ಮಾಡಿಸಬೇಕೆಂಬ ನಿಯಮ ಬಂದಿತು, ಆಡಿಟರುಗಳಿಗೆ ರಾಷ್ಟ್ರಮಟ್ಟದ ಪರೀಕ್ಷೆಯೂ ಬಂದಿತು. 2022ರ ತಿದ್ದುಪಡಿಯು ವಸತಿ ಕಟ್ಟಡಗಳನ್ನೂ ಇಂಧನ ಉಳಿತಾಯದ ಕಟ್ಟಡ ಸಂಹಿತೆಯ ವ್ಯಾಪ್ತಿಗೆ ತಂದಿತಾದರೂ ಅದು ಅನ್ವಯಿಸುವುದು 100 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚು ಹೊರೆಯಿರುವ ದೊಡ್ಡ ಸಮುಚ್ಚಯಗಳಿಗೆ. ಮೂವತ್ತು ನಲವತ್ತರ ಸೈಟಿನಲ್ಲಿ ಕೆಳಗೆ ತಾವಿದ್ದು ಮೇಲೆ ಬಾಡಿಗೆಗೆ ಕೊಟ್ಟಿರುವ ಮನೆ, ಕರ್ನಾಟಕದ ಪಟ್ಟಣಗಳಲ್ಲಿ ಎಲ್ಲಿ ನೋಡಿದರೂ ಕಾಣುವ ಮನೆ, ಈ ಯಾವುದರ ಕಣ್ಣಿಗೂ ಬೀಳುವುದಿಲ್ಲ.

ಮನೆಯ ಆಡಿಟ್‌ಗೆ ದುಬಾರಿ ಉಪಕರಣಗಳೇನೂ ಬೇಕಿಲ್ಲ, ಗೋಡೆಯ ಮೇಲಿರುವ ಮೀಟರ್ ಮತ್ತು ಕೈಯಲ್ಲಿರುವ ಗಡಿಯಾರದಿಂದಲೇ ಮುಕ್ಕಾಲು ಕೆಲಸ ಆಗುತ್ತದೆ. ಡಿಜಿಟಲ್ ಮೀಟರಿನ ಮುಖದ ಮೇಲೆ ಮಿನುಗುವ ಸಣ್ಣ ಕೆಂಪು ದೀಪವೊಂದಿರುತ್ತದೆ. ಪಕ್ಕದಲ್ಲಿ, ಒಂದು ಯೂನಿಟ್‌ಗೆ, ಅಂದರೆ 1000 ವ್ಯಾಟ್ ಒಂದು ಗಂಟೆ ಹರಿದಷ್ಟಕ್ಕೆ, ಆ ದೀಪ ಎಷ್ಟು ಬಾರಿ ಮಿನುಗುತ್ತದೆ ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಬಹಳಷ್ಟು ಮೀಟರುಗಳಲ್ಲಿ ಅದು 3200, ಕೆಲವದರಲ್ಲಿ 1600 ಅಥವಾ 6400. ಸಂಖ್ಯೆ 3200 ಆಗಿದ್ದರೆ ಲೆಕ್ಕ ಸುಲಭ: ಒಂದು ಮಿನುಗಿನಿಂದ ಮುಂದಿನ ಮಿನುಗಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ, 1125ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಆ ಕ್ಷಣದಲ್ಲಿ ಮನೆ ಎಳೆಯುತ್ತಿರುವ ವಿದ್ಯುತ್ತು ವ್ಯಾಟ್‌ಗಳಲ್ಲಿ ಸಿಗುತ್ತದೆ. 1600ರ ಮೀಟರ್ ಆದರೆ 1125ರ ಬದಲು 2250. ಮನೆಯ ಎಲ್ಲವನ್ನೂ ಆರಿಸಿ, ಫ್ಯಾನ್ ಒಂದನ್ನೇ ಹಾಕಿ ನೋಡಬಹುದು. ಬಳಿಕ ಗೀಸರ್ ಒಂದನ್ನೇ, ಆಮೇಲೆ ಸಂಪಿನಿಂದ ನೀರೇರಿಸುವ ಮೋಟಾರನ್ನು. ಒಂದು ಭಾನುವಾರದ ಬೆಳಗ್ಗೆ ಇಡೀ ಮನೆಯ ಪಟ್ಟಿ ಸಿದ್ಧವಾಗುತ್ತದೆ.

ಈ ಪರೀಕ್ಷೆಯಲ್ಲಿ ಜನರನ್ನು ಹೆಚ್ಚು ಬೆಚ್ಚಿಬೀಳಿಸುವುದು ಎಲ್ಲವೂ ಆರಿದೆ ಎಂದುಕೊಂಡಾಗಿನ ಲೆಕ್ಕ. ಕುವೆಂಪುನಗರದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ರಾತ್ರಿ ದೀಪ, ಫ್ಯಾನುಗಳನ್ನೆಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ತೆಗೆಸಿ, ಟಾರ್ಚ್ ಹಿಡಿದು ಮೀಟರ್ ಮುಂದೆ ನಿಂತಾಗ ಕೆಂಪು ದೀಪ ಹದಿನೈದು ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಅಂದರೆ 75 ವ್ಯಾಟ್. ಎರಡು ಸೆಟ್‌ಟಾಪ್ ಬಾಕ್ಸ್, ರಿಮೋಟಿನಿಂದ ಮಾತ್ರ ಆರಿಸಿದ್ದ ಟಿವಿ, ವೈಫೈ ಪೆಟ್ಟಿಗೆ, ಮೆಟ್ಟಿಲ ಕೆಳಗಿನ ಹಳೆಯ ಯುಪಿಎಸ್ ಮತ್ತು ಅದರ ಬ್ಯಾಟರಿ, ಇವೆಲ್ಲ ಸೇರಿ ಯಾರಿಗೂ ಉಪಯೋಗವಿಲ್ಲದ ವೇಳೆಯಲ್ಲಿ ಎಳೆಯುತ್ತಿದ್ದ ವಿದ್ಯುತ್ತು ಅದು. 75 ವ್ಯಾಟ್ ದಿನದ 24 ಗಂಟೆಯೂ ಹರಿದರೆ ತಿಂಗಳಿಗೆ 54 ಯೂನಿಟ್. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಗೃಹಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು, ಆ ಲೆಕ್ಕದಲ್ಲಿ ತೆರಿಗೆ ಬಿಟ್ಟು 313 ರೂಪಾಯಿ. ಸೆಟ್‌ಟಾಪ್ ಬಾಕ್ಸುಗಳನ್ನೂ ಟಿವಿಯನ್ನೂ ಗೋಡೆಯ ಸ್ವಿಚ್ಚಿನಲ್ಲೇ ಆರಿಸುವ ಅಭ್ಯಾಸ ಮಾಡಿಕೊಂಡು, ನೀರು ಬತ್ತಿ ಬಿಸಿಯೇರುತ್ತಿದ್ದ ಬ್ಯಾಟರಿಯನ್ನು ಬದಲಿಸಿದ ಮೇಲೆ ಇದರ ಅರ್ಧಕ್ಕಿಂತ ಹೆಚ್ಚು ಉಳಿಯಿತು.

ಆದರೆ ನಮ್ಮ ಮನೆಗಳ ದೊಡ್ಡ ಖರ್ಚು ಬಚ್ಚಲಿನದು. ಚಳಿಗಾಲದ ಮೈಸೂರಿನಲ್ಲಿ ನಲ್ಲಿಯ ನೀರು ಸುಮಾರು 22 ಡಿಗ್ರಿ ಇರುತ್ತದೆ ಎನ್ನೋಣ. ಹದಿನೈದು ಲೀಟರಿನ ಒಂದು ಬಕೆಟ್ ನೀರನ್ನು ಸ್ನಾನಕ್ಕೆ ಹಿತವಾಗುವ 40 ಡಿಗ್ರಿಗೆ ತರಲು ಸುಮಾರು 0.31 ಯೂನಿಟ್ ಬೇಕು. ಇದು ಭೌತಶಾಸ್ತ್ರದ ಲೆಕ್ಕ, ಯಾವ ಕಂಪನಿಯ ಗೀಸರೂ ಇದಕ್ಕಿಂತ ಕಡಿಮೆಯಲ್ಲಿ ಕಾಯಿಸಲಾರದು. ನಾಲ್ಕು ಜನರಿಗೆ ದಿನಕ್ಕೆ ಒಂದೂಕಾಲು ಯೂನಿಟ್, ತಿಂಗಳಿಗೆ ಮೂವತ್ತೇಳು ಮೂವತ್ತೆಂಟು. ಇದರ ಮೇಲೆ ಬೀಳುವುದೆಲ್ಲ ಪೋಲು: ಸ್ವಿಚ್ ಆರಿಸದೆ ಬಿಟ್ಟ ಗೀಸರು ದಿನವಿಡೀ ಗೋಡೆಯನ್ನು ಬೆಚ್ಚಗಿಡುವುದು, ಒಬ್ಬರ ಸ್ನಾನಕ್ಕೂ ಮತ್ತೊಬ್ಬರ ಸ್ನಾನಕ್ಕೂ ಎರಡು ಗಂಟೆ ಅಂತರವಿದ್ದು ಅದೇ ನೀರು ಆರಿ ಮತ್ತೆ ಕಾಯುವುದು, 65 ಡಿಗ್ರಿಗೆ ಕಾಯಿಸಿ ಅದಕ್ಕೆ ತಣ್ಣೀರು ಬೆರೆಸುವುದು. ಗೀಸರಿನ ಮೇಲಿರುವ ಬಿಇಇ ನಕ್ಷತ್ರಗಳು ಹೇಳುವುದು ಕಾದ ನೀರು ಸುಮ್ಮನೆ ನಿಂತಾಗ ಎಷ್ಟು ಶಾಖ ಸೋರುತ್ತದೆ ಎಂಬುದನ್ನು. ಸ್ನಾನಕ್ಕೆ ಹದಿನೈದು ನಿಮಿಷ ಮೊದಲು ಹಾಕಿ, ಸಾಲಾಗಿ ಎಲ್ಲರೂ ಸ್ನಾನ ಮುಗಿಸುವ ಮನೆಯಲ್ಲಿ ಮೂರು ನಕ್ಷತ್ರಕ್ಕೂ ಐದು ನಕ್ಷತ್ರಕ್ಕೂ ಹೆಚ್ಚಿನ ವ್ಯತ್ಯಾಸ ಕಾಣದಿರುವುದಕ್ಕೆ ಕಾರಣ ಇದು.

ಮನೆಯ ಮೇಲೆ ಸೋಲಾರ್ ವಾಟರ್ ಹೀಟರ್ ಇದ್ದರೆ ಈ ಚಿಂತೆ ಇಲ್ಲವೆಂದು ನಂಬಿರುವವರು ಬಹಳ ಮಂದಿ. ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೇ ಮುಂದಿದ್ದ ರಾಜ್ಯ. 2007ರಿಂದಲೇ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯವಾಗುತ್ತಾ ಬಂದಿತು, ಬೆಂಗಳೂರು, ಮೈಸೂರುಗಳ ತಾರಸಿಗಳ ಮೇಲೆ ಸಾಲುಸಾಲಾಗಿ ಕಾಣುವ ತೊಟ್ಟಿಗಳು ಅದರ ಫಲ. ಆದರೆ ಆ ತೊಟ್ಟಿಗಳನ್ನು ಹತ್ತಿರದಿಂದ ನೋಡುತ್ತಾ ಹೋದಂತೆ ನನಗೆ ಎರಡು ತೊಂದರೆಗಳು ಮತ್ತೆ ಮತ್ತೆ ಕಂಡಿವೆ. ಮೊದಲನೆಯದು ಪೈಪಿನದು. ತಾರಸಿಯಿಂದ ನೆಲಮಹಡಿಯ ಬಚ್ಚಲಿಗೆ ಇಳಿಯುವ ಮುಕ್ಕಾಲು ಅಂಗುಲದ ಬಿಸಿನೀರಿನ ಪೈಪು ಇಪ್ಪತ್ತು ಮೀಟರ್ ಉದ್ದವಿದ್ದರೆ ಅದರೊಳಗೆ ಐದಾರು ಲೀಟರ್ ನೀರು ನಿಂತಿರುತ್ತದೆ. ಪೈಪಿಗೆ ಹೊದಿಕೆ ಇಲ್ಲದಿದ್ದರೆ ಬೆಳಗಿನ ಜಾವಕ್ಕೆ ಅದಿಷ್ಟೂ ತಣ್ಣಗಾಗಿರುತ್ತದೆ. ನಲ್ಲಿ ತಿರುಗಿಸಿ ಎರಡು ನಿಮಿಷ ಕಾಯುವ ತಾಳ್ಮೆ ಶಾಲೆಗೆ ಹೊರಡುವ ಹೊತ್ತಿನಲ್ಲಿ ಯಾರಿಗಿರುತ್ತದೆ? ಕೈ ಗೀಸರಿನ ಸ್ವಿಚ್ಚಿಗೆ ಹೋಗುತ್ತದೆ, ಮೇಲೆ ಕಾದ ನೀರು ಮೇಲೆಯೇ ಉಳಿಯುತ್ತದೆ. ಮೀಟರಿಗೆ ಕೆಲವೇ ಹತ್ತು ರೂಪಾಯಿಗಳಿಗೆ ಸಿಗುವ ಕಪ್ಪು ಫೋಮಿನ ಕೊಳವೆಯನ್ನು ಆ ಪೈಪಿಗೆ ತೊಡಿಸುವ ಕೆಲಸವನ್ನು ಮನೆ ಕಟ್ಟುವಾಗ ಪ್ಲಂಬರ್ ಬಿಟ್ಟುಬಿಟ್ಟಿರುತ್ತಾನೆ, ಏಕೆಂದರೆ ಯಾರೂ ಅದನ್ನು ಕೇಳಿರುವುದಿಲ್ಲ.

ಎರಡನೆಯದು ಇನ್ನೂ ದುಬಾರಿ. ಮೋಡ ಕವಿದ ದಿನಗಳಿಗೆಂದು ಸೋಲಾರ್ ತೊಟ್ಟಿಯೊಳಗೇ ಎರಡು ಕಿಲೋವ್ಯಾಟಿನ ವಿದ್ಯುತ್ ಕಾಯಿಲ್ ಇಟ್ಟಿರುತ್ತಾರೆ. ತೊಟ್ಟಿಯ ತಳದಲ್ಲಿರುವ ಆ ಕಾಯಿಲ್ 200 ಲೀಟರನ್ನೂ ಕಾಯಿಸುತ್ತದೆ. ಇಪ್ಪತ್ತು ಡಿಗ್ರಿ ಏರಿಸಲು 4.6 ಯೂನಿಟ್‌ಗಿಂತ ಹೆಚ್ಚು ಬೇಕು. ನಾಲ್ಕು ಬಕೆಟ್ಟಿಗೆ, ಅಂದರೆ ಮನೆಗೆ ನಿಜವಾಗಿ ಬೇಕಾದ 60 ಲೀಟರಿಗೆ, ಅದೇ ಏರಿಕೆಗೆ 1.4 ಯೂನಿಟ್ ಸಾಕಿತ್ತು. ಮಳೆಗಾಲದಲ್ಲಿ ಬಿಲ್ ಏಕೆ ಏರಿತು ಎಂದು ಕೇಳಿದ ಒಂದು ಮನೆಯಲ್ಲಿ ಜುಲೈ ತಿಂಗಳಿನಲ್ಲಿ ಹಾಕಿದ್ದ ಆ ಸ್ವಿಚ್ಚು ಸೆಪ್ಟೆಂಬರಿನಲ್ಲಿಯೂ ಹಾಕಿದಂತೆಯೇ ಇತ್ತು. ಅದು ಮೆಟ್ಟಿಲ ಕೋಣೆಯಲ್ಲಿದ್ದುದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ರಾತ್ರಿಯೆಲ್ಲ ಕಾಯಿಲ್ ಕಾಯಿಸಿಟ್ಟ ತೊಟ್ಟಿಗೆ ಹಗಲಿನ ಬಿಸಿಲು ಸೇರಿಸುವುದು ಏನೂ ಉಳಿಯುವುದಿಲ್ಲ, ಹಾಗಾಗಿ ಬಿಸಿಲಿದ್ದ ದಿನಗಳಲ್ಲೂ ಆ ಹೀಟರಿನಿಂದ ಉಳಿತಾಯವಿರಲಿಲ್ಲ. ಇಂತಹ ಮನೆಗಳಿಗೆ ಬಚ್ಚಲಿನಲ್ಲಿಯೇ ಒಂದು ಚಿಕ್ಕ ಗೀಸರನ್ನು ಇಟ್ಟುಕೊಂಡು, ತೊಟ್ಟಿಯ ಕಾಯಿಲ್ಲಿನ ಫ್ಯೂಸನ್ನು ತೆಗೆದುಬಿಡಿ ಎಂಬುದು ನನ್ನ ಖಚಿತವಾದ ಸಲಹೆ.

ಸೋಲಾರ್ ಹೀಟರ್ ಇರುವ ಮನೆಗೆ ವಿದ್ಯುತ್ ದರಪಟ್ಟಿಯಲ್ಲಿ ಬಹಳ ಕಾಲದಿಂದ ಒಂದು ರಿಯಾಯಿತಿ ಇದೆ: ಬಳಸಿದ ಪ್ರತಿ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಗರಿಷ್ಠ 50 ರೂಪಾಯಿ. ಇದರ ಉದ್ದೇಶವನ್ನು ನಾನು ಮೆಚ್ಚುತ್ತೇನೆ, ಆದರೆ ಅದನ್ನು ಹೆಣೆದ ರೀತಿಯನ್ನು ಒಮ್ಮೆ ನೋಡಿ. ಜಾಗರೂಕತೆಯಿಂದ ಬಳಸಿ 60 ಯೂನಿಟ್‌ಗೆ ಇಳಿದ ಮನೆಗೆ 30 ರೂಪಾಯಿ ಸಿಗುತ್ತದೆ. 300 ಯೂನಿಟ್ ಬಳಸುವ ಮನೆಗೆ ಪೂರ್ತಿ 50 ರೂಪಾಯಿ ಸಿಗುತ್ತದೆ. ಇಲ್ಲಿ ಬಹುಮಾನ ದೊರೆಯುತ್ತಿರುವುದು ತಾರಸಿಯ ಮೇಲೆ ವಸ್ತುವೊಂದು ಇರುವುದಕ್ಕೆ, ಅದು ಉಳಿಸಿದ ವಿದ್ಯುತ್ತಿಗೆ ಅಲ್ಲ. ನಮ್ಮ ಬಹುತೇಕ ಪ್ರೋತ್ಸಾಹಗಳ ಗುಣವೇ ಇದು.

ಫ್ಯಾನಿನ ವಿಷಯಕ್ಕೆ ಬರೋಣ. ಹಳೆಯ ಸೀಲಿಂಗ್ ಫ್ಯಾನು ಪೂರ್ಣ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ, ಅಂದರೆ ಬ್ರಶ್ ಇಲ್ಲದ ಡಿಸಿ ಮೋಟಾರಿನ ಹೊಸ ಫ್ಯಾನು ಅಷ್ಟೇ ಗಾಳಿಯನ್ನು ಸುಮಾರು 30 ವ್ಯಾಟಿನಲ್ಲಿ ಕೊಡುತ್ತದೆ. ದಿನಕ್ಕೆ ಹತ್ತು ಗಂಟೆ ತಿರುಗುವ ಒಂದು ಫ್ಯಾನಿನಿಂದ ತಿಂಗಳಿಗೆ ಹದಿಮೂರೂವರೆ ಯೂನಿಟ್ ಉಳಿತಾಯ, ನಾಲ್ಕು ಫ್ಯಾನಿನಿಂದ 54. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೂ ನಕ್ಷತ್ರದ ಪಟ್ಟಿ ಕಡ್ಡಾಯವಾಗಿದೆ. ಆದ್ದರಿಂದ ಕೊಳ್ಳುವಾಗ ರೆಕ್ಕೆಯ ಬಣ್ಣದ ಜೊತೆಗೆ ಆ ಪಟ್ಟಿಯನ್ನೂ ನೋಡುವುದು ಸಾಧ್ಯವಿದೆ. ಫ್ರಿಜ್ಜಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಬಾಗಿಲಿನ ರಬ್ಬರಿನ ನಡುವೆ ಒಂದು ಹಾಳೆ ಸಿಕ್ಕಿಸಿ ಬಾಗಿಲು ಮುಚ್ಚಿದಾಗ ಆ ಹಾಳೆ ಸಲೀಸಾಗಿ ಹೊರಬಂದರೆ ರಬ್ಬರು ಬದಲಿಸಬೇಕು, ಹಿಂದೆ ಗಾಳಿಯಾಡಲು ಜಾಗ ಬಿಡಬೇಕು, ಒಲೆಯ ಪಕ್ಕದಲ್ಲಿದ್ದರೆ ಸರಿಸಬೇಕು. ಮೋಟಾರ್ ದಿನಕ್ಕೆ ಅರ್ಧ ಗಂಟೆ ಓಡುವ ಮನೆಯಲ್ಲಿ ಅದರ ಖರ್ಚು ಅರ್ಧ ಯೂನಿಟ್ಟಿನ ಸುತ್ತಮುತ್ತ ಇರಬೇಕು. ಟ್ಯಾಂಕ್ ತುಂಬಲು ಒಂದು ಗಂಟೆ ಬೇಕಾಗುತ್ತಿದ್ದರೆ ಪೈಪಿನ ತಳದಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಸೋರುತ್ತಿದೆಯೇ ಎಂದು ನೋಡಿಸುವುದು ಒಳ್ಳೆಯದು.

ಬೇಸಿಗೆಯ ಬಿಲ್ಲಿನ ಬೇರು ಮಾತ್ರ ಉಪಕರಣಗಳಲ್ಲಿಲ್ಲ, ಕಟ್ಟಡದಲ್ಲೇ ಇದೆ. ಆರ್‌ಸಿಸಿ ಚಾವಣಿ ಹಗಲೆಲ್ಲ ಬಿಸಿಲು ಕುಡಿದು ಸಂಜೆಯ ಮೇಲೆ ಅದನ್ನು ಒಳಗೆ ಬಿಡುತ್ತದೆ. ಮಹಡಿಯ ಮೇಲಿನ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೂ ಸೆಕೆ ಇರುವುದು, ಕೂಲರೋ ಎಸಿಯೋ ಬೇಕೆನಿಸುವುದು ಇದರಿಂದ. ಬಿಇಇ 2018ರಲ್ಲಿ ವಸತಿ ಕಟ್ಟಡಗಳಿಗಾಗಿ ಇಕೋ ನಿವಾಸ ಸಂಹಿತೆಯನ್ನು ಹೊರತಂದಿತು. ಚಾವಣಿಯ ಒಂದು ಚದರ ಮೀಟರಿನ ಮೂಲಕ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ, 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಬಾರದೆಂದು ಅದು ಹೇಳುತ್ತದೆ. ನಾವು ಕಟ್ಟುವ ಬರಿಯ ಕಾಂಕ್ರೀಟು ಚಾವಣಿಯಲ್ಲಿ ಅದರ ಎರಡು ಪಟ್ಟಿಗಿಂತಲೂ ಹೆಚ್ಚು ದಾಟುತ್ತದೆ. ಕಲಬುರಗಿ, ವಿಜಯಪುರದ ಕಡೆಯ ಹಳೆಯ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಚಾವಣಿಗಳು ಈ ಶಾಖವನ್ನು ತಡೆಯುತ್ತಿದ್ದವು. ಅವುಗಳನ್ನು ಕೆಡವಿ ನಾಲ್ಕೂವರೆ ಐದು ಅಂಗುಲದ ಸ್ಲ್ಯಾಬ್ ಹಾಕಿದ ಮನೆಗಳಲ್ಲಿ ಈಗ ಮೇ ತಿಂಗಳಲ್ಲಿ ಮಧ್ಯಾಹ್ನ ಮಲಗುವುದು ಕಷ್ಟವೆಂದು ಅಲ್ಲಿನ ಬಂಧುಗಳು ಹೇಳುತ್ತಾರೆ.

ಇರುವ ಮನೆಗೆ ಮಾಡಬಹುದಾದ ಅಗ್ಗದ ಉಪಾಯವೆಂದರೆ ತಾರಸಿಗೆ ಬಿಳಿ ಬಳಿಯುವುದು. ಹೊಸದಾಗಿ ಬಳಿದ ಬಿಳಿ ಮೈ ಬಿಸಿಲಿನ ಸುಮಾರು ಮುಕ್ಕಾಲು ಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಹಳೆಯ ಕಾಂಕ್ರೀಟು ಹಿಂದಕ್ಕೆ ಕಳಿಸುವುದು ಮೂರನೇ ಒಂದು ಪಾಲಿನಷ್ಟು. ನಮ್ಮ ತಾರಸಿಯ ಅರ್ಧಕ್ಕೆ ಅಂಟು ಬೆರೆಸಿದ ಸುಣ್ಣವನ್ನು ಮೊದಲು ಬಳಿಸಿ, ಏಪ್ರಿಲ್ ಸಂಜೆ ಎರಡೂ ಭಾಗದ ಕೆಳಗಿನ ಒಳಮೈಯನ್ನು ಇನ್ಫ್ರಾರೆಡ್ ಥರ್ಮಾಮೀಟರಿನಿಂದ ಅಳೆದಾಗ ಮೂರು ನಾಲ್ಕು ಡಿಗ್ರಿಗಳ ವ್ಯತ್ಯಾಸವಿತ್ತು. ಅಂಗೈಯನ್ನು ಸ್ಲ್ಯಾಬಿನ ಒಳಮೈಗೆ ಒತ್ತಿ ಹಿಡಿದರೆ ಯಾವುದು ಬಳಿದ ಭಾಗ, ಯಾವುದು ಬಳಿಯದ್ದು ಎಂದು ನನ್ನ ಮೊಮ್ಮಗಳು ಕಣ್ಣುಮುಚ್ಚಿ ಹೇಳುತ್ತಿದ್ದಳು. ಧೂಳು ಕೂತಂತೆ ಗುಣ ಕುಗ್ಗುವುದರಿಂದ ಪ್ರತಿ ಬೇಸಿಗೆಗೆ ಮೊದಲು ತೊಳೆಯಬೇಕು, ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಪ್ರತ್ಯೇಕ ನೀತಿಯನ್ನು ತಂದಿದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನು ಇಟ್ಟುಕೊಂಡಿರುವ ನಮ್ಮ ರಾಜ್ಯಕ್ಕೆ ಅದರ ಅಗತ್ಯ ತೆಲಂಗಾಣಕ್ಕಿಂತ ಕಡಿಮೆಯೇನಲ್ಲ.

ಅಮೆರಿಕದ ಮಿಷಿಗನ್‌ನಲ್ಲಿ ನೆಲೆಸಿರುವ ನನ್ನ ಅಣ್ಣನ ಮಗಳು ಮನೆಗೆ ಆಡಿಟ್ ಮಾಡಿಸಿದಾಗ ಅದನ್ನು ವಿಡಿಯೋ ಕರೆಯಲ್ಲಿ ನನಗೆ ತೋರಿಸಿದ್ದಳು. ಮುಂಬಾಗಿಲಿಗೆ ಬಟ್ಟೆಯ ಚೌಕಟ್ಟು ಬಿಗಿದು, ಅದರಲ್ಲಿ ದೊಡ್ಡ ಫ್ಯಾನು ಕೂರಿಸಿ ಮನೆಯೊಳಗಿನ ಗಾಳಿಯನ್ನು ಹೊರಕ್ಕೆಳೆಯುತ್ತಾರೆ. ಆಗ ಸಂದುಗೊಂದುಗಳಿಂದ ಚಳಿಗಾಳಿ ಎಲ್ಲೆಲ್ಲಿ ನುಗ್ಗುತ್ತದೆಂಬುದು ಗೊತ್ತಾಗುತ್ತದೆ. ಅಲ್ಲಿಯ ಸಮಸ್ಯೆ ಒಳಗಿನ ಬಿಸಿ ಹೊರಗೆ ಸೋರುವುದು, ನಮ್ಮದು ಹೊರಗಿನ ಬಿಸಿ ಚಾವಣಿಯಿಂದ ಒಳಗಿಳಿಯುವುದು, ಹಾಗಾಗಿ ಆ ಪರೀಕ್ಷೆಯನ್ನು ಇಲ್ಲಿಗೆ ತರಬೇಕಿಲ್ಲ. ನನ್ನ ಗಮನ ಸೆಳೆದದ್ದು ಬೇರೆ: ಆಡಿಟ್‌ನ ಖರ್ಚಿನ ಶೇ 30ರಷ್ಟು, ಗರಿಷ್ಠ 150 ಡಾಲರ್, ಆಕೆಯ ಆದಾಯ ತೆರಿಗೆಯಲ್ಲಿ ಕಡಿತವಾಯಿತು. 2025ರ ಜುಲೈನಲ್ಲಿ ಬಂದ ಕಾನೂನು ಆ ವರ್ಷದ ಕೊನೆಗೆ ಈ ಸೌಲಭ್ಯವನ್ನು ನಿಲ್ಲಿಸಿತು, ಅದು ವಿಷಾದದ ಸಂಗತಿ. ಆದರೂ ಮನೆಯ ದೋಷ ಎಲ್ಲಿದೆಯೆಂದು ತಿಳಿದುಕೊಳ್ಳುವುದಕ್ಕೇ ಸಾರ್ವಜನಿಕ ಹಣ ಕೊಡಬಹುದು ಎಂಬ ತಿಳಿವಳಿಕೆ ಅದರಲ್ಲಿತ್ತು. ವೈದ್ಯರು ರಕ್ತಪರೀಕ್ಷೆ ನೋಡದೆ ಔಷಧಿ ಬರೆಯುವುದಿಲ್ಲ. ನಾವು ಮಾತ್ರ ಪರೀಕ್ಷೆಯನ್ನು ಬಿಟ್ಟು ಔಷಧಿಗೇ ಸಹಾಯಧನ ಕೊಡುತ್ತಿದ್ದೇವೆ.

2024ರ ಫೆಬ್ರವರಿಯಲ್ಲಿ ಆರಂಭವಾದ ಚಾವಣಿಯ ಸೌರಫಲಕಕ್ಕೆ ಸಹಾಯಧನ ಕೊಡುವ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯನ್ನೇ ತೆಗೆದುಕೊಳ್ಳಿ. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿಯ ವೆಚ್ಚ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000ಕ್ಕೆ ಮಿತಿ. ಯೋಜನೆ ಒಳ್ಳೆಯದು, ಅರ್ಹರು ಬಳಸಿಕೊಳ್ಳಬೇಕು. ಆದರೆ ಅರ್ಜಿಯ ಯಾವ ಹಂತದಲ್ಲೂ ನಿಮ್ಮ ಮನೆಗೆ ನಿಜವಾಗಿ ಎಷ್ಟು ವಿದ್ಯುತ್ ಬೇಕು, ಈಗಿನ ಬಳಕೆಯಲ್ಲಿ ಪೋಲು ಎಷ್ಟು ಎಂದು ಯಾರೂ ಕೇಳುವುದಿಲ್ಲ. ನಮ್ಮ ಕಡೆ ಒಂದು ಕಿಲೋವ್ಯಾಟ್ ಫಲಕ ಸರಾಸರಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ತಿಂಗಳಿಗೆ 270 ಯೂನಿಟ್ ಬಳಸುವ ಮನೆಗೆ ಏಜೆನ್ಸಿಯವರು ಮೂರು ಕಿಲೋವ್ಯಾಟ್ ಬರೆದುಕೊಡುತ್ತಾರೆ. ಅದೇ ಮನೆಯಲ್ಲಿ ಮೇಲೆ ಹೇಳಿದ ಬಚ್ಚಲು, ಫ್ಯಾನು, ಸುಮ್ಮನೆ ಎಳೆಯುವ ಪೆಟ್ಟಿಗೆಗಳನ್ನು ಸರಿಪಡಿಸಿದರೆ ನೂರು ಯೂನಿಟ್ ಇಳಿಯುವುದು ಕಷ್ಟವಲ್ಲ, ಆಗ ಎರಡು ಕಿಲೋವ್ಯಾಟ್ ಧಾರಾಳವಾಯಿತು. ಮೂರನೆಯ ಕಿಲೋವ್ಯಾಟ್‌ಗೆ ಸಹಾಯಧನ ಕಳೆದು ನಮ್ಮ ಕೈಯಿಂದ ಹೋಗುವ ಹಣದಲ್ಲಿ ಮನೆಯ ಎಲ್ಲ ಫ್ಯಾನುಗಳನ್ನೂ ಬದಲಿಸಿ, ಬಿಸಿನೀರಿನ ಪೈಪಿಗೆ ಹೊದಿಕೆ ತೊಡಿಸಿ, ತಾರಸಿಗೆ ಬಿಳಿ ಬಳಿಸಬಹುದು. ಹೆಚ್ಚಾಗಿ ಉತ್ಪಾದಿಸಿದ್ದನ್ನು ಗ್ರಿಡ್‌ಗೆ ಮಾರಬಹುದಲ್ಲ ಎಂಬ ಮಾತು ಬರುತ್ತದೆ. ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ ಎಂಬುದನ್ನು ಆ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಬಿಲ್ಲಿನಲ್ಲಿರುವ ಮಂಜೂರಾದ ಹೊರೆಯನ್ನೂ, ಅಂದರೆ ಮನೆ ಒಮ್ಮೆಗೆ ಎಷ್ಟು ಕಿಲೋವ್ಯಾಟ್ ಎಳೆಯಬಹುದೆಂದು ವಿದ್ಯುತ್ ಕಂಪನಿ ಒಪ್ಪಿದೆಯೋ ಅದನ್ನೂ, ಇದೇ ಸಂದರ್ಭದಲ್ಲಿ ನೋಡುವುದು ಒಳ್ಳೆಯದು. 2025ರ ಏಪ್ರಿಲ್‌ನ ದರಪಟ್ಟಿಯಂತೆ ನಿಗದಿತ ಶುಲ್ಕವನ್ನು ಕಿಲೋವ್ಯಾಟ್‌ಗೆ 145 ರೂಪಾಯಿ ಎಂದು ಹಿಡಿದರೆ, ಐದು ಕಿಲೋವ್ಯಾಟ್ ಮಂಜೂರಾಗಿದ್ದು ದಾಖಲಾದ ಗರಿಷ್ಠ ಬೇಡಿಕೆ ವರ್ಷವಿಡೀ ಮೂರನ್ನು ದಾಟದ ಮನೆ ತಿಂಗಳಿಗೆ 290 ರೂಪಾಯಿಯನ್ನು ಸುಮ್ಮನೆ ಕಟ್ಟುತ್ತಿರುತ್ತದೆ. ಹೊರೆ ಇಳಿಸಲು ಅರ್ಜಿ ಕೊಡಬಹುದು.

ಇನ್ನು ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುವ ರಾಜ್ಯದ ಗೃಹಜ್ಯೋತಿ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆ ಬಡವರ ಮನೆಗಳಿಗೆ ನೀಡಿರುವ ನೆಮ್ಮದಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಆರಂಭದಲ್ಲಿ 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಮನೆಗಳಿಗೆ ಉಚಿತದ ಮಿತಿ ನಿಗದಿಯಾಯಿತು. ಮಿತಿಯನ್ನು ದಾಟಿದರೂ 200ರೊಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ಹಣ, 200 ದಾಟಿದರೆ ಪೂರ್ತಿ ಬಿಲ್. ಮಿತಿ 180 ಇರುವ ಮನೆ 195 ಯೂನಿಟ್ ಬಳಸಿದರೆ ಹದಿನೈದು ಯೂನಿಟ್‌ಗೆ 2025ರ ಆ ದರದಲ್ಲಿ 87 ರೂಪಾಯಿ. 205 ಬಳಸಿದರೆ ಯೂನಿಟ್ ದರವೊಂದನ್ನೇ ಹಿಡಿದರೂ 1,189 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ ಮತ್ತು ತೆರಿಗೆ. ಈ ಅಂಚಿನಲ್ಲಿರುವ ಕುಟುಂಬಕ್ಕೆ ಒಂದು ಫ್ಯಾನು ಬದಲಿಸುವುದರಿಂದ ಆಗುವ ಲಾಭ ಬೇರೆ ಯಾರಿಗೂ ಆಗದಷ್ಟು ದೊಡ್ಡದು, ಆದರೆ ಅವರಿಗೆ ಅದನ್ನು ಹೇಳಿಕೊಡುವವರಿಲ್ಲ. ಇತ್ತ ಮಿತಿಯೊಳಗಿದ್ದು ಶೂನ್ಯ ಬಿಲ್ ಪಡೆಯುವ ಮನೆಗೆ ಉಳಿಸಲು ಕಾರಣವೇ ಇಲ್ಲ, ಅಲ್ಲಿ ಉಳಿದ ಯೂನಿಟ್‌ನ ಹಣ ಸೇರುವುದು ಸರ್ಕಾರದ ಬೊಕ್ಕಸಕ್ಕೆ.

ಬಾಡಿಗೆದಾರರ ಪಾಡು ಇನ್ನೊಂದು ತೆರನಾದದ್ದು. ಕರೆಂಟ್ ಬಿಲ್ ಕಟ್ಟುವವರು ಅವರು, ಚಾವಣಿಯೂ ಪೈಪೂ ಫ್ಯಾನೂ ಮಾಲೀಕರದು. ಹನ್ನೊಂದು ತಿಂಗಳ ಕರಾರಿನಲ್ಲಿರುವವರು ಬೇರೊಬ್ಬರ ಗೋಡೆಗೆ ಮೂರು ಸಾವಿರದ ಫ್ಯಾನು ಏಕೆ ಹಾಕಿಸಿಯಾರು? ಬಿಲ್ ಕಟ್ಟದ ಮಾಲೀಕರು ಮೇಲಿನ ಮನೆಯ ತಾರಸಿಗೆ ಸುಣ್ಣ ಏಕೆ ಬಳಿಸಿಯಾರು? ಬೆಂಗಳೂರಿನಂತಹ ಬಾಡಿಗೆಯ ಊರಿನಲ್ಲಿ, ಈ ಗಂಟನ್ನು ಬಿಡಿಸದೆ ಉಳಿತಾಯದ ಯಾವ ಯೋಜನೆಯೂ ದೂರ ಸಾಗದು.

ದಾರಿ ಇಲ್ಲವೇ ಎಂದರೆ, ಅದನ್ನು ಕರ್ನಾಟಕವೇ ಒಮ್ಮೆ ತೋರಿಸಿತ್ತು. 2004ರ ಕೊನೆಯಲ್ಲಿ ಬೆಂಗಳೂರಿನ ವಿದ್ಯುತ್ ಕಂಪನಿ ಬೆಸ್ಕಾಂ ಆರಂಭಿಸಿದ ದಕ್ಷ ಬೆಳಕಿನ ಕಾರ್ಯಕ್ರಮದಲ್ಲಿ ಗ್ರಾಹಕರು ಸಿಎಫ್ಎಲ್ ಬಲ್ಬುಗಳನ್ನು ಕೊಂಡು ಅದರ ಬೆಲೆಯನ್ನು ಕರೆಂಟ್ ಬಿಲ್ಲಿನಲ್ಲೇ ಕಂತುಗಳಾಗಿ ತೀರಿಸಬಹುದಿತ್ತು. ಹತ್ತು ವರ್ಷಗಳ ಬಳಿಕ ಕೇಂದ್ರದ ಉಜಾಲಾ ಯೋಜನೆ, ನಮ್ಮಲ್ಲಿ ಹೊಸ ಬೆಳಕು ಎಂಬ ಹೆಸರಿನಲ್ಲಿ, ಎಲ್ಇಡಿ ಬಲ್ಬುಗಳನ್ನು ಮನೆಮನೆಗೆ ತಲುಪಿಸಿತು. ಸಗಟಿನಲ್ಲಿ ಕೊಂಡದ್ದರಿಂದ ಒಂದು ಬಲ್ಬಿನ ಖರೀದಿ ದರ ಕೆಲವೇ ವರ್ಷಗಳಲ್ಲಿ 310 ರೂಪಾಯಿಯಿಂದ 40 ರೂಪಾಯಿಗಿಂತ ಕೆಳಗಿಳಿಯಿತು. ಬಿಲ್ಲಿನಲ್ಲಿ ಕಂತು, ಸಗಟು ಖರೀದಿ ಇವೆರಡನ್ನೂ ಫ್ಯಾನಿಗೂ ಜೋಡಿಸಬಹುದು. ಕಂತು ವ್ಯಕ್ತಿಯ ಹೆಸರಿಗಲ್ಲದೆ ಮೀಟರಿನ ಆರ್‌.ಆರ್. ಸಂಖ್ಯೆಗೆ, ಅಂದರೆ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆಗೆ, ಅಂಟಿಕೊಂಡಿದ್ದರೆ, ಬಾಡಿಗೆದಾರರು ಮನೆ ಬಿಟ್ಟಾಗ ಫ್ಯಾನೂ ಅದರ ಕಂತೂ ಮುಂದೆ ಬರುವವರಿಗೆ ಹೋಗುತ್ತವೆ. ತಿಂಗಳ ಕಂತು 75 ರೂಪಾಯಿ ಎಂದಿಟ್ಟರೆ, ಹದಿಮೂರೂವರೆ ಯೂನಿಟ್‌ನ ಉಳಿತಾಯವಾದ, 2025ರ ದರದ 78 ರೂಪಾಯಿಯಲ್ಲಿ ಅದು ತೀರುತ್ತದೆ, ಯಾರ ಕಿಸೆಯಿಂದಲೂ ಹೊಸದಾಗಿ ಹಣ ಹೋಗುವುದಿಲ್ಲ.

ಮನೆಯ ತಪಾಸಣೆಯ ಹೊಣೆಯನ್ನೂ ಹೊಸ ಇಲಾಖೆ ಕಟ್ಟದೆ ನಿಭಾಯಿಸಬಹುದು. ಇಂಧನ ಸಂರಕ್ಷಣಾ ಕಾಯ್ದೆಗೆ ರಾಜ್ಯದಲ್ಲಿ ನಿಯೋಜಿತವಾಗಿರುವ ಸಂಸ್ಥೆ ಕ್ರೆಡಲ್, ಅಂದರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ. ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರಿಗೆ ಅದರ ಮೂಲಕ ಕೆಲವು ವಾರಗಳ ತರಬೇತಿ ಕೊಟ್ಟರೆ, ಒಂದು ಮನೆಯನ್ನು ಅವರು ಅರ್ಧ ದಿನದಲ್ಲಿ ನೋಡಿ ಮುಗಿಸಬಲ್ಲರು. ಸೂರ್ಯಘರ್ ಅರ್ಜಿಯ ಜೊತೆ ಅವರ ಒಂದು ಪುಟದ ವರದಿಯನ್ನು ಲಗತ್ತಿಸಬೇಕೆಂಬ ನಿಯಮ ಬಂದರೆ ಕೆಲಸವೂ ಹುಟ್ಟುತ್ತದೆ, ಅಗತ್ಯಕ್ಕಿಂತ ದೊಡ್ಡ ಘಟಕಗಳಿಗೆ ಹೋಗುವ ಸಹಾಯಧನವೂ ಉಳಿಯುತ್ತದೆ.

ಶೂನ್ಯ ಬಿಲ್ಲಿನ ಮನೆಗಳಿಗೆ ಕಂತಿನ ದಾರಿ ಹೊಂದುವುದಿಲ್ಲ, ಏಕೆಂದರೆ ಅವರಿಗೆ ಉಳಿಯುವ ಹಣವಿಲ್ಲ. ಅಲ್ಲಿ ಲೆಕ್ಕವನ್ನು ಸರ್ಕಾರದ ಕಡೆಯಿಂದ ಹಾಕಬೇಕು. ಹಳೆಯದೊಂದು ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗುವ ಮನೆಯಲ್ಲಿ ಅದನ್ನು ಬದಲಿಸಿದರೆ ವರ್ಷಕ್ಕೆ 162 ಯೂನಿಟ್ ಉಳಿಯುತ್ತದೆ, 2025ರ ಆ ದರದಲ್ಲಿ ಸುಮಾರು 940 ರೂಪಾಯಿ. ಇಂದು ಆ ಹಣವನ್ನು ವಿದ್ಯುತ್ ಕಂಪನಿಗೆ ತುಂಬಿಕೊಡುತ್ತಿರುವುದು ರಾಜ್ಯದ ಬೊಕ್ಕಸ. ಫ್ಯಾನನ್ನು ಉಚಿತವಾಗಿಯೇ ಕೊಟ್ಟರೂ ಮೂರು ಸಾವಿರದ ಬೆಲೆಗೆ ಮೂರು ವರ್ಷದ ಆಚೀಚೆಗೆ, ಸಗಟಿನಲ್ಲಿ ಕೊಂಡರೆ ಅದಕ್ಕೂ ಬೇಗ, ಸರ್ಕಾರಕ್ಕೆ ತನ್ನ ಹಣ ಹಿಂತಿರುಗಿ ಬರುತ್ತದೆ. ಬೇಸಿಗೆಯಲ್ಲಿ ಹಗಲೂ ರಾತ್ರಿಯೂ ಫ್ಯಾನು ನಿಲ್ಲದ ರಾಯಚೂರು, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಆ ಅವಧಿ ಇನ್ನೂ ಚಿಕ್ಕದಾಗುವುದರಿಂದ ಇದನ್ನು ಆ ಭಾಗದ ವಿದ್ಯುತ್ ಕಂಪನಿಯಾದ ಜೆಸ್ಕಾಂ ವ್ಯಾಪ್ತಿಯಲ್ಲಿ ಮೊದಲು ಮಾಡಿ ನೋಡಬೇಕು.